ಎಡಗಡೆ ಬಾಕ್ಸಿನ ಗುಟ್ಟು

“ಮಿಕ್ಸಿ ಹಾಕಿದಾಗ ಎಡಗಡೆ ಬಾಕ್ಸು ಗುರ್ ಅನ್ನುತ್ತಲ್ವಾ?”

ಅಮ್ಮನ ಫೋನಿಗೆ ಬಂದ ಮೆಸೇಜನ್ನು ಓದಿ ಅಚ್ಯುತ್ ಬೆಚ್ಚಿಬಿದ್ದ. ಕೈಯಲ್ಲಿದ್ದ ಬಿಸ್ಕತ್ತು ಹಾಲಿನ ಲೋಟಕ್ಕೆ ಬಿದ್ದು ಮುಳುಗಿಹೋಯಿತು.

ಗುರ್ ಅನ್ನುವುದೇನೋ ನಿಜ. ಆದರೆ ಅದನ್ನು ಅವನು ಜಾಹೀರಾತಿನಲ್ಲಿ ಬರೆದಿರಲೇ ಇಲ್ಲ. ಅಪ್ಪನ ಹಳೇ ಬನಿಯನ್ನಿನಿಂದ ಧೂಳು ಒರೆಸಿ, ಫೋಟೋ ಹೊಡೆದು, ‘ಟೇಪ್‌ರೆಕಾರ್ಡರ್ ಸೆಟ್, ಎರಡು ಸ್ಪೀಕರ್ ಬಾಕ್ಸ್, ಸೂಪರ್ ಕಂಡಿಷನ್, ಚಿಂತಾಮಣಿ’ ಎಂದು ಆನ್‌ಲೈನಿನಲ್ಲಿ ಹಾಕಿದ್ದ, ಅಷ್ಟೇ.

ಆ ಸೆಟ್ಟು ಅಪ್ಪ ಮದುವೆಗೆ ಮುಂಚೆ ಕೊಂಡದ್ದು. ಈಗ ಅದರ ಮೇಲೆ ಅಚ್ಯುತ್‌ಗೆ ಪ್ರಾಣ. ದಿನಾ ಸಂಜೆ ಹೋಂವರ್ಕ್ ಮುಗಿಸಿ ಕ್ಯಾಸೆಟ್ ಹಾಕುತ್ತಿದ್ದ. ಹಾಕಿದ ಸ್ವಲ್ಪ ಹೊತ್ತಿಗೆ ಗೋಡೆಯ ಆ ಕಡೆಯಿಂದ ‘ಟಕ್ ಟಕ್’ ಎಂದು ಸದ್ದು ಬರುತ್ತಿತ್ತು. ಆ ಕಡೆ ಟೈಲರ್ ಆಂಟಿಯ ಮನೆ. ಎರಡೂ ಮನೆಗೆ ಒಂದೇ ಗೋಡೆ, ಎಡಗಡೆ ಬಾಕ್ಸು ಅದಕ್ಕೇ ಒರಗಿತ್ತು.

“ಸೌಂಡ್ ಕಮ್ಮಿ ಮಾಡೋ. ಪಾಪ, ಅವರಿಗೆ ತೊಂದರೆ,” ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು. ಅವನು ಕಮ್ಮಿ ಮಾಡುತ್ತಿದ್ದ. ಮತ್ತೆ ಟಕ್ ಟಕ್. ಇನ್ನೂ ಕಮ್ಮಿ ಮಾಡುತ್ತಿದ್ದ. ಆಮೇಲೂ ಟಕ್ ಟಕ್ ಎಂದರೆ ಬೇಜಾರಿನಿಂದ ಆಫ್ ಮಾಡಿ ಕೂರುತ್ತಿದ್ದ.

ಒಂದು ದಿನ ಬ್ಲೌಸಿನ ಅಳತೆ ಕೊಡಲು ಹೋದಾಗ ಅಮ್ಮ ಕೇಳಿಯೇಬಿಟ್ಟಳು: “ನಮ್ಮನೆ ಸೌಂಡು ಜಾಸ್ತಿ ಆಯ್ತೇನ್ರೀ?” ಟೈಲರ್ ಆಂಟಿಯ ಬಾಯಲ್ಲಿ ಸಾಲಾಗಿ ಗುಂಡುಸೂಜಿ. “ಮ್ಮ್” ಎಂದರು. ಅದರ ಅರ್ಥವನ್ನು ಅಮ್ಮ ದಾರಿಯಲ್ಲಿ ತಾನೇ ತಯಾರಿಸಿಕೊಂಡು ಬಂದಳು.

“ಬಾಯ್ಬಿಟ್ಟು ಹೇಳಲ್ಲ ಅಷ್ಟೇ ಕಣೋ. ಅವರಿಗೆ ತುಂಬಾ ಕೋಪ ಇದೆ.”

ಅಪ್ಪ ತೀರ್ಪು ಕೊಟ್ಟರು. “ಮಾರಿಬಿಡಣ. ಭಾನುವಾರದೊಳಗೆ ಯಾರೂ ತಗೊಳ್ಳಲಿಲ್ಲ ಅಂದ್ರೆ ಗುಜರಿಗೆ ಹಾಕಣ.”

ಗುಜರಿ ಅಂಗಡಿಯಲ್ಲಿ ಹಳೇ ರೇಡಿಯೋವನ್ನು ಸುತ್ತಿಗೆಯಿಂದ ಒಡೆದು ತಾಮ್ರ ಕೀಳುವುದನ್ನು ಅಚ್ಯುತ್ ಕಣ್ಣಾರೆ ನೋಡಿದ್ದ. ಅದಕ್ಕೇ ಮಾರುವ ಕೆಲಸವನ್ನು ತಾನೇ ಹೊತ್ತುಕೊಂಡ.

ಗಿರಾಕಿಗಳೇನೋ ಬಂದರು. ವಿದುರಾಶ್ವತ್ಥದವರೊಬ್ಬರಿಗೆ ಒಂದೇ ಬಾಕ್ಸು ಬೇಕಂತೆ. ಇನ್ನೊಬ್ಬರು ದುಡ್ಡಿನ ಬದಲು ಕೋಳಿ ಕೊಡುತ್ತಾರಂತೆ. ಕಳವಾರದವರು ‘ಆನ್ ದ ವೇ’ ಎಂದು ಮೆಸೇಜ್ ಹಾಕಿ ಮೂರು ದಿನವಾಗಿತ್ತು, ಅದ್ಯಾವ ದಾರಿಯೋ ಏನೋ. ಮಿಕ್ಕವರೆಲ್ಲ ‘ಲಾಸ್ಟ್ ಪ್ರೈಸ್?’ ಎಂದು ಕೇಳಿ ಮಾಯವಾಗಿದ್ದರು.

ಈಗ ಶನಿವಾರ ಸಂಜೆ. ಇದ್ದ ಒಬ್ಬರೇ ಗಿರಾಕಿ ಹೀಗೆ ಕೇಳುತ್ತಿದ್ದಾರೆ. ಹೆಸರು ರಹಮತುನ್ನೀಸಾ, ಫೋಟೋ ಇರುವ ಜಾಗದಲ್ಲಿ ಒಂದು ಗುಲಾಬಿ ಹೂವು.

‘ಇಲ್ಲ ಮೇಡಂ, ಸೂಪರ್ ಕಂಡಿಷನ್,’ ಎಂದು ಅಚ್ಯುತ್ ಟೈಪ್ ಮಾಡಿದ.

‘ಒಂದೊಂದ್ಸಲ ಅದರ ದನಿ ನಿಂತುಹೋಗುತ್ತಲ್ವಾ? ಎರಡು ಏಟು ಬಿದ್ದರೆ ಮತ್ತೆ ಹಾಡುತ್ತಲ್ವಾ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಕಿಟಕಿಯ ಆಚೆ ನೋಡಿದ, ಮಂಚದ ಕೆಳಗೂ ನೋಡಿದ. ಫೋನಿನ ಕ್ಯಾಮೆರಾ ನೋಡುತ್ತಿರಬಹುದೆಂದು ಅದನ್ನು ಮಗುಚಿ ಇಟ್ಟ.

ನಿಜ ಹೇಳಿದರೆ ಇವರೂ ಹೋಗುತ್ತಾರೆ, ನಾಳೆ ಗುಜರಿಯೇ ಗತಿ. ಸುಳ್ಳು ಹೇಳಿದರೆ? ಮನೆಗೆ ಒಯ್ದು ಮಿಕ್ಸಿ ಹಾಕುತ್ತಾರೆ, ಗುರ್ ಅನ್ನುತ್ತದೆ, ಸಿಟ್ಟಿನಿಂದ ಅವರೇ ಗುಜರಿಗೆ ಹಾಕುತ್ತಾರೆ. ತುಂಬಾ ಹೊತ್ತು ಯೋಚಿಸಿ ಬರೆದ:

‘ಎರಡೂ ನಿಜ ಮೇಡಂ. ಆದ್ರೆ ಜೋರಾಗಿ ಹೊಡೀಬೇಡಿ. ಮೇಲಿನ ಮೂಲೇಲಿ ಮೆಲ್ಲಗೆ ತಟ್ಟಿದ್ರೆ ಸಾಕು.’

ಉತ್ತರ ಬರಲಿಲ್ಲ. ಅವನಿಗೆ ಅಳು ಬಂತು.

ಬೆಳಿಗ್ಗೆ ಗುಜರಿಯವನ ಕೂಗು ಬೀದಿಯ ತುದಿಯಲ್ಲಿ ಕೇಳಿಸಿತು. ಅಪ್ಪ ವೈರು ಸುತ್ತತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಟೈಲರ್ ಆಂಟಿ ನಿಂತಿದ್ದರು, ಕೊರಳಲ್ಲಿ ಅಳತೆ ಟೇಪು.

ಅಮ್ಮ ಗಾಬರಿಯಾದಳು. “ನಿನ್ನೆ ನಾವು ಹಾಕೇ ಇಲ್ವಲ್ಲ ಕಣ್ರೀ.”

“ಸೆಟ್ ತಗೊಂಡೋಗಕ್ಕೆ ಬಂದೆ,” ಎಂದು ಆಂಟಿ ಫೋನು ತೋರಿಸಿದರು. ಅದರಲ್ಲಿ ಗುಲಾಬಿ ಹೂವು.

“ರಹಮತುನ್ನೀಸಾ ಅಂದ್ರೆ ನೀವಾ?” ಎಂದ ಅಚ್ಯುತ್.

“ಮತ್ತೆ? ನಮ್ಮಮ್ಮ ನನಗೆ ಟೈಲರ್ ಆಂಟಿ ಅಂತ ಹೆಸರಿಟ್ಟಿದ್ಲಾ ಬೇಟಾ?” ಎಂದು ಅವರು ನಕ್ಕರು. “ಫೋಟೋ ನೋಡಿ ಪಕ್ಕದ ಮನೇದೇನಾ ಅಂತ ಡೌಟ್ ಬಂತು. ಅದಕ್ಕೇ ಗೋಡೆಯಾಚೆಯಿಂದ ಕೇಳಿಸ್ಕೊಂಡಿದ್ದ ಗುರುತು ಕೇಳ್ದೆ. ನೀನು ಗುರ್ ಅನ್ನಲ್ಲ ಅಂದಾಗ ಬೇರೆ ಯಾರದೋ ಅಂತ ಬಿಟ್ಟೇಬಿಡ್ತಿದ್ದೆ.”

ಅಚ್ಯುತ್ ತಲೆ ತಗ್ಗಿಸಿದ.

“ಮತ್ತೆ ದಿನಾ ಗೋಡೆ ತಟ್ತಿದ್ರಲ್ಲ?” ಎಂದಳು ಅಮ್ಮ.

“ಮಿಷನ್ ಸದ್ದಲ್ಲಿ ಹಾಡು ಸರಿಯಾಗಿ ಕೇಳಿಸ್ತಿರಲಿಲ್ಲ. ಜೋರು ಮಾಡಪ್ಪ ಅಂತ ಸ್ಕೇಲಲ್ಲಿ ತಟ್ತಿದ್ದೆ. ಇವನು ತಟ್ಟಿದಷ್ಟೂ ಕಮ್ಮಿ ಮಾಡ್ತಿದ್ದ.”

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಫ್ಯಾನಿನ ಕಡೆ ನೋಡಿದಳು.

“ಹಾಗಾದ್ರೆ ಮಾರೋದ್ಯಾಕೆ? ಏನಪ್ಪಾ ಅಚ್ಯುತ್?” ಎಂದರು ಅಪ್ಪ.

“ಹುಡುಗನಿಗೆ ಬೇಕು ಅಂದ್ರೆ ಬೇಡ ಬಿಡಿ,” ಎಂದರು ಆಂಟಿ. “ಬೆಳಿಗ್ಗೆಯಿಂದ ಮಿಷನ್ ತುಳೀತೀನಲ್ಲ, ಹಾಡು ಇದ್ರೆ ಕಾಲುನೋವು ಮರೆತೋಗುತ್ತೆ ಅಂತ ಅಷ್ಟೇ.”

ಸೆಟ್ಟು ಇಲ್ಲೇ ಉಳಿಯಬಹುದು! ಅಚ್ಯುತ್‌ಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ತಾನು ಸ್ಕೂಲಿನಲ್ಲಿರುವಾಗ ಅದು ಸಂಜೆಯವರೆಗೆ ಮೂಕನ ಹಾಗೆ ಕೂತಿರುವುದು ನೆನಪಾಯಿತು. ಎಡಗಡೆ ಬಾಕ್ಸನ್ನು ಒಮ್ಮೆ ಸವರಿದ.

“ಬನ್ನಿ ಆಂಟಿ,” ಎಂದ. “ಎಲ್ಲಿ ತಟ್ಟಬೇಕು ತೋರಿಸ್ತೀನಿ.”

ಸಂಜೆ ಅವನು ಹೋಂವರ್ಕ್ ಮುಗಿಸುವ ಹೊತ್ತಿಗೆ ಗೋಡೆಯ ಆ ಕಡೆಯಿಂದ ಹಾಡು ಶುರುವಾಯಿತು. ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದಳು, ಆ ಕಡೆ ಗುರ್ ಎಂದಿತು. ಆಮೇಲೆ ದನಿ ನಿಂತೇಹೋಯಿತು. ಅಚ್ಯುತ್ ಎದ್ದು ಗೋಡೆಗೆ ಕಿವಿಯಿಟ್ಟ. ಯಾರೋ ಮೆಲ್ಲಗೆ, ತುಂಬಾ ಮೆಲ್ಲಗೆ ಎರಡು ಸಲ ತಟ್ಟಿದರು. ಹಾಡು ಮತ್ತೆ ಬಂತು.

ಅವನು ಸ್ಕೂಲ್ ಬ್ಯಾಗಿನಿಂದ ಸ್ಕೇಲು ತೆಗೆದು ಗೋಡೆಗೆ ಟಕ್ ಟಕ್ ಎಂದು ತಟ್ಟಿದ.

ಸೌಂಡು ಜೋರಾಯಿತು.