ಎಳ್ಳಿನಷ್ಟು ಕಪ್ಪು

೨೦೦೩ರ ಏಪ್ರಿಲ್ ತಿಂಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಹಂದನಕೆರೆ ಠಾಣೆಗೆ ಬಂದ ತೆಂಗಿನ ಬೆಳೆಗಾರ ತೋಂಟದಾರ್ಯ, ಮಗಳು ಲಿಖಿತಾಳ ನಿಶ್ಚಿತಾರ್ಥದ ಉಂಗುರದ ವಜ್ರವನ್ನು ಯಾರೋ ಕದ್ದು, ಆ ಜಾಗದಲ್ಲಿ ನಕಲಿ ಕಲ್ಲು ಕೂರಿಸಿದ್ದಾರೆಂದು ದೂರು ಕೊಟ್ಟರು. ಉಂಗುರ ತೊಡಿಸಿದ್ದ ಹುಡುಗ ಜ್ಞಾನೇಶ್, ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ. ಉಂಗುರ ಸಡಿಲವಾಗಿದೆಯೆಂದು ಅವನೇ ಅದನ್ನು ಕೊಂಡ ಅಂಗಡಿಗೆ ಒಯ್ದಾಗ ಸಂಗತಿ ಹೊರಬಿದ್ದಿತ್ತು.

"ನಾವೇ ಮಾರ್ಕೊಂಡ್ವಿ ಅಂತಾರೆ ಸಾರ್ ಬೀಗರು. ಕಳ್ಳ ಸಿಕ್ಕಿದ್ರೇನೇ ಮದ್ವೆ ಅಂದವ್ರೆ."

ಸಬ್ ಇನ್‌ಸ್ಪೆಕ್ಟರ್ ಜವರಪ್ಪ ಎಫ್‌ಐಆರ್ ದಾಖಲಿಸಿದರು. ಪಂಚನಾಮೆ ಮಾಡಿ ಉಂಗುರ ವಶಕ್ಕೆ ಪಡೆದು, ಹೆಡ್ ಕಾನ್‌ಸ್ಟೆಬಲ್ ಹುಚ್ಚರಂಗಯ್ಯನೊಂದಿಗೆ ತಿಪಟೂರಿಗೆ ಹೊರಟರು.

ಅಂಗಡಿ ಮಾಲೀಕ ಉಂಗುರವನ್ನು ಮಸೂರದ ಕೆಳಗೆ ಹಿಡಿದ. "ನಾವು ಮಾರಿದ ಕಲ್ಲಿನೊಳಗೆ ಎಳ್ಳಿನಷ್ಟು ಕರೀ ಚುಕ್ಕಿ ಇತ್ತು, ಬರಿಗಣ್ಣಿಗೇ ಕಾಣೋದು. ಐ-ಒನ್ ದರ್ಜೆ ಅಂತೀವಿ, ಸ್ವಚ್ಛತೇಲಿ ಕೆಳಗಿನಿಂದ ಮೂರನೇದು. ಇದ್ರಲ್ಲಿ ಒಂದು ಗೀರೂ ಇಲ್ಲ. ಇಷ್ಟು ಶುದ್ಧ ವಜ್ರ ನಮ್ಮಂಗಡೀಲೇ ಇಲ್ಲ ಸಾರ್. ಇದು ಅಮೆರಿಕನ್ ಡೈಮಂಡು."

"ಚುಕ್ಕಿ ಇರೋದು ಹುಡುಗನ ಕಡೆಯೋರಿಗೆ ಗೊತ್ತಿತ್ತಾ?"

"ರೇಟು ಕಮ್ಮಿ ಅಂತ್ಲೇ ತಗೊಂಡ್ರು."

ಸಂಜೆ ಲಿಖಿತಾಳ ವಿಚಾರಣೆ.

"ಚುಕ್ಕಿ ಮಾಯವಾಗಿದ್ದು ಯಾವಾಗ?"

"ಜ್ವರ ಬಂದು ಬೆರಳು ಊದಿತ್ತು ಸಾರ್. ಬಿಚ್ಚಿ ಅತ್ತೆ ಕೈಗೆ ಕೊಟ್ಟಿದ್ದೆ. ವಾಪಸ್ ಹಾಕ್ಕೊಂಡಾಗ ಚುಕ್ಕಿ ಇರ್ಲಿಲ್ಲ. ಅಂಟುವಾಳದಲ್ಲಿ ತೊಳ್ದೆ, ಕೊಳೆ ಹೋಯ್ತು ಅಂದ್ರು. ನಾನೂ ನಂಬಿದೆ."

ಅತ್ತೆ ಎಂದರೆ ತೋಂಟದಾರ್ಯರ ಅಕ್ಕ ಶಿವರುದ್ರಮ್ಮ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ಲಿಖಿತಾಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ.

ಮರುದಿನ ಹುಚ್ಚರಂಗಯ್ಯ ಚಿಕ್ಕನಾಯಕನಹಳ್ಳಿಯ ಅಕ್ಕಸಾಲಿಗರ ಅಂಗಡಿಗಳನ್ನೆಲ್ಲ ಸುತ್ತಿದ. ದಿನೇಶ್ ಎಂಬವನು ಉಂಗುರ ನೋಡಿದ ಕೂಡಲೇ ಗುರುತು ಹಿಡಿದ. "ಕಲ್ಲು ಕೂರ್ಸಿದ್ದು ನಾನೇ. ವಯಸ್ಸಾದ ಅಮ್ಮ, ಹಣೆ ತುಂಬ ವಿಭೂತಿ. ಅಸಲಿ ಕಲ್ಲು ಕಾಗದದಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ."

ಜವರಪ್ಪ ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಕರೆಸಿಕೊಂಡು ಜೀಪು ಹತ್ತುವಷ್ಟರಲ್ಲಿ ಠಾಣೆಯ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದ್ದು ಜ್ಞಾನೇಶನ ತಂದೆ. "ಕೇಸು ನೀವು ಏನಾರ ಮಾಡ್ಕೊಳಿ ಸಾರ್. ನಾವು ಬೇರೆ ಕಡೆ ಹೆಣ್ಣು ನೋಡಿದ್ದೀವಿ."

ಶಿವರುದ್ರಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದರು. ಜೀಪು ಕಂಡು ಗಾಬರಿಯಾಗಲಿಲ್ಲ.

"ಕಲ್ಲೆಲ್ಲಿ ಅಮ್ಮಾ?"

"ಕೆರೆಗೆ ಎಸೆದೆ ಸ್ವಾಮಿ."

"ಯಾಕೆ?"

"ನನ್ನ ಮೂಗುಬೊಟ್ಟಿನ ವಜ್ರದಲ್ಲೂ ಹಂಗೇ ಕಪ್ಪಿತ್ತು. ಯಜಮಾನರಿಗೆ ಹಾವು ಕಚ್ತು. ದೋಷದ ಕಲ್ಲು ತಂದು ಮಗನ್ನ ತಿಂದ್ಕೊಂಡ್ಲು ಅಂತ ನಮ್ಮತ್ತೆ ಹೆಣದ ಮುಂದೇನೇ ಬೊಟ್ಟು ಕಿತ್ತಾಕಿದ್ರು. ಈ ಮಗೀನ ಬೆರಳಲ್ಲೂ ಅದನ್ನೇ ನೋಡ್ಕೊಂಡು ಹೆಂಗಿರ್ಲಿ? ಬಾಯಿ ಬಿಟ್ಟು ಹೇಳಿದ್ರೆ ಸಂಬಂಧ ಮುರಿಯೋದು."

ತೋಂಟದಾರ್ಯ ಕೈಮುಗಿದರು. "ದೂರು ವಾಪಸ್ ತಗೋತೀನಿ ಸಾರ್. ನಮ್ಮಕ್ಕನ್ನ ಬುಟ್ಬುಡಿ."

"ಎಫ್‌ಐಆರ್ ಕೋರ್ಟಿಗೆ ಹೋಗಿದೆ. ಇನ್ನು ನನ್ನ ಕೈಲಿಲ್ಲ ಕಣ್ರೀ," ಎಂದರು ಜವರಪ್ಪ. ಹೇಳುವಾಗ ತೋಂಟದಾರ್ಯರ ಮುಖ ನೋಡಲು ಅವರಿಂದಾಗಲಿಲ್ಲ.

ಶಿವರುದ್ರಮ್ಮ ತೋರಿಸಿದ ಜಾಗದಲ್ಲಿ ಇಬ್ಬರು ಆಳುಗಳನ್ನು ಕೆರೆಗಿಳಿಸಿದರು. ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಕಾನೂನಿಗಾಗಿ ಹುಡುಕಲೇಬೇಕಿತ್ತು. ಇಳಿಹೊತ್ತಿನವರೆಗೆ ಕೈಗೆ ಬಂದಿದ್ದು ಬರೀ ಕೆಸರು. ಸಿಗಲಿಲ್ಲವೆಂದು ಪಂಚನಾಮೆ ಬರೆಸಿ, ಶಿವರುದ್ರಮ್ಮನವರನ್ನು ಬಂಧಿಸಲಾಯಿತು.

ಲಿಖಿತಾ ಬಾಗಿಲ ಬಳಿ ಅಳುತ್ತ ನಿಂತಿದ್ದಳು. ಸಂಬಂಧ ಮುರಿದ ಸುದ್ದಿ ಅವಳಿಗಿನ್ನೂ ತಲುಪಿರಲಿಲ್ಲ.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟ ಶಿವರುದ್ರಮ್ಮ ತಿರುಗಿ, ಪಿಸುದನಿಯಲ್ಲಿ ಕೇಳಿದರು: "ಕಳ್ಳಿ ಸಿಕ್ಕಿದ್ಲು ಅಂತ ಬೀಗರಿಗೆ ಹೇಳ್ಬುಡಿ ಸ್ವಾಮಿ. ಇನ್ನು ಮದ್ವೆ ನಿಲ್ಲಲ್ಲ, ಅಲ್ವಾ?"

ಜವರಪ್ಪ ಟೋಪಿ ಸರಿಮಾಡಿಕೊಂಡರು.

"ಹುಷಾರಾಗಿ ಹತ್ತಿ ಅಮ್ಮಾ," ಎಂದರು.