ಧೂಮಕಂಠನ ಹೊಸ ಹಾಳೆ

ಬಹಳ ಹಿಂದೆ, ಪಿಯಾನೊಗಳು ಇನ್ನೂ ಕಾಡಿನಲ್ಲಿ ತಾವಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಒಬ್ಬ ರಾಜ, ಒಬ್ಬ ಮಾಂತ್ರಿಕ. ಇಬ್ಬರಲ್ಲಿ ಕೆಲಸದ ಮೇಲೆ ಶ್ರದ್ಧೆ ಇದ್ದದ್ದು ಮಾಂತ್ರಿಕನಿಗೆ.

ಅವನ ಹೆಸರು ಧೂಮಕಂಠ. ವರ್ಷಕ್ಕೊಮ್ಮೆ ಅವನು ಯಾರೂ ಕೇಳಿರದ ಸಂಗೀತವನ್ನು ಹಾಳೆಯ ಮೇಲೆ ಬರೆದು ಅರಮನೆಗೆ ತರುತ್ತಿದ್ದ. ರಾಜ್ಯದ ಒಬ್ಬ ವಾದಕ ಅದನ್ನು ನೋಡಿದ ಕೂಡಲೇ ಪಿಯಾನೊದಲ್ಲಿ ನುಡಿಸಬೇಕು. ತಾಳವನ್ನು ಧೂಮಕಂಠನೇ ಹಾಕುತ್ತಿದ್ದ. ಬೇರೆಯವರ ಕೈಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಮಂತ್ರದ ಕಟ್ಟಳೆ ಹೀಗಿತ್ತು: ಶುರುವಾದ ಮೇಲೆ, ನುಡಿಸುವವರಾಗಲಿ ತಾಳ ಹಾಕುವವರಾಗಲಿ, ನಡುವೆ ನಿಲ್ಲಿಸಿದವರು ಕಲ್ಲಾಗುತ್ತಾರೆ. ಯಾರಾದರೂ ಕೊನೆ ಮುಟ್ಟಿಸಿದರೆ ಕಲ್ಲಾದ ವಾದಕರಿಗೆಲ್ಲ ಬಿಡುಗಡೆ.

ಹನ್ನೊಂದು ಮಂದಿ ವಾದಕರು ಕಲ್ಲಾಗಿದ್ದರು. ಅರಮನೆ ಅದಕ್ಕೆ ಹೊಂದಿಕೊಂಡಿತ್ತು. ಹನ್ನೊಂದನೆಯವಳಾದ ಮಂದಾರೆಯ ಎತ್ತಿದ ಕೈಗೆ ರಾಜ ಗಂಭೀರಸೇನ ತನ್ನ ಪೇಟ ನೇತುಹಾಕುತ್ತಿದ್ದ. ಅದನ್ನು ಕಂಡ ದಿನ ಮಂದಾರೆಯ ತಂಗಿ ಕೇತಕಿಗೆ ಊಟ ಸೇರುತ್ತಿರಲಿಲ್ಲ.

"ಈ ಸಲ ನಾನು ಕೂರುತ್ತೇನೆ, ಪ್ರಭು" ಎಂದಳು ಕೇತಕಿ.

"ಹಾಳೆ ಓದಲು ಬರುತ್ತದೆಯೇ?"

"ಬರುತ್ತದೆ. ಎತ್ತಿನ ಗಾಡಿಯ ವೇಗದಲ್ಲಿ."

"ಒಳ್ಳೆಯದು. ಕೊಡೆ ನೇತುಹಾಕಲು ಜಾಗ ಬೇಕಿತ್ತು" ಎಂದ ರಾಜ. ಕೆಟ್ಟವನಲ್ಲ, ಯೋಚನೆ ಕಡಿಮೆ.

ಕೇತಕಿ ಕಾಡಿಗೆ ಹೋಗಿ, ಕಾಡುಪಿಯಾನೊದ ನೆರಳಲ್ಲಿ ವಾಸವಿದ್ದ ಹೊಂಬಾಳಜ್ಜಿಯ ಕಾಲಿಗೆ ಬಿದ್ದು, ಅಕ್ಕನ ಕಥೆ ಹೇಳಿ, ಹಾಳೆಯನ್ನು ಬೇಗ ಓದಲು ಕಲಿಸೆಂದಳು.

ಮೊದಲನೆಯ ದಿನ ಅಜ್ಜಿ ಪಿಯಾನೊದ ಕರಿಬಿಳಿ ಪಟ್ಟಿಗಳ ಮೇಲೆ ಒಂದು ಹಾವನ್ನು ಮಲಗಿಸಿದಳು. "ಕಣ್ಣು ಹಾಳೆಯ ಮೇಲಿದ್ದರೆ ಅದು ನಿದ್ದೆ ಮಾಡುತ್ತದೆ. ಕೈ ನೋಡಿಕೊಂಡರೆ ಕಚ್ಚುತ್ತದೆ." ಸಂಜೆಯೊಳಗೆ ಕೇತಕಿಯ ಬೆರಳುಗಳು ನೋಡದೆಯೇ ತಮ್ಮ ದಾರಿ ಕಂಡುಕೊಂಡವು.

ಎರಡನೆಯ ದಿನ ಒಂದು ಮೇಕೆ ಬಂತು. ಅದು ಇನ್ನೂ ನುಡಿಸದ ಸ್ವರವನ್ನೇ ಆರಿಸಿ ಹಾಳೆಯಿಂದ ತಿನ್ನುತ್ತಿತ್ತು. ಮೇಕೆಯ ಬಾಯಿಗಿಂತ ಮುಂದೆ ಕಣ್ಣು ಓಡಿಸುವುದನ್ನು ಕೇತಕಿ ಕಲಿತಳು.

ಮೂರನೆಯ ದಿನ ಬಂದದ್ದು ಗಿಳಿ. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು: "ತಪ್ಪು." ಗಿಳಿ ಹೇಳಿದಾಗಲೆಲ್ಲ ಕೇತಕಿ ನಿಲ್ಲಿಸಿ, ಮೊದಲಿನಿಂದ ಶುರುಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಮೊದಲ ಸಾಲನ್ನು ತೊಂಬತ್ತು ಸಲ ನುಡಿಸಿದ್ದಳು, ಎರಡನೆಯದನ್ನು ಒಮ್ಮೆಯೂ ಇಲ್ಲ.

"ಯಾಕೆ ನಿಲ್ಲಿಸುತ್ತೀಯೆ?" ಎಂದಳು ಅಜ್ಜಿ.

"ತಪ್ಪಾಯಿತಲ್ಲ ಅಜ್ಜಿ. ತಿದ್ದಬೇಡವೇ?"

"ನಿಮ್ಮಕ್ಕನೂ ಇಷ್ಟೇ ಶಿಸ್ತಿನವಳೋ?"

"ನನಗಿಂತ ಹೆಚ್ಚು."

"ಅದಕ್ಕೇ ಪೇಟ ಹೊತ್ತು ನಿಂತಿದ್ದಾಳೆ. ಕಟ್ಟಳೆಯಲ್ಲಿ ತಪ್ಪಿಗೆ ಶಿಕ್ಷೆಯೇ ಇಲ್ಲ ಕಣೇ. ಶಿಕ್ಷೆ ಇರುವುದು ನಿಲ್ಲಿಸಿದ್ದಕ್ಕೆ. ತಪ್ಪಿದರೆ ತಾಳ ಬಿಡದೆ ಮುಂದೆ ನಡಿ."

ಸಂಜೆಗೆ ಗಿಳಿಯ ಗಂಟಲು ಕಟ್ಟಿತು.

ಅರಮನೆಯಲ್ಲಿ ನುಡಿಸುವ ದಿನ ಬಂತು. ಧೂಮಕಂಠ ಹಾಳೆ ಇಟ್ಟು ತಾಳ ಶುರುಮಾಡಿದ. ಎರಡು ಸಾಲು ಸರಿಯಾಗಿ ಹೋದವು. ಮೂರನೆಯ ಸಾಲಿನಲ್ಲಿ ಕೇತಕಿಯ ಬೆರಳು ಪಕ್ಕದ ಪಟ್ಟಿಗೆ ಬಿತ್ತು. ರಾಜ ಕೊಡೆ ಕೈಗೆತ್ತಿಕೊಂಡ. ಹಿಂದಕ್ಕೆ ಹೋಗಬೇಕೆಂದು ಅವಳ ಮೈಯೆಲ್ಲ ತುಡಿಯಿತು. ಹೋಗಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಇನ್ನೊಂದು ತಪ್ಪಿತು. ಅದನ್ನೂ ಬಿಟ್ಟು ಮುಂದೆ ನಡೆದಳು.

ಧೂಮಕಂಠನಿಗೆ ತಡೆಯಲಾಗಲಿಲ್ಲ. ವರ್ಷವಿಡೀ ಕೂತು ಬರೆದ ಸಂಗೀತ ಅದು. "ಅಲ್ಲಿ ಕರಿ ಪಟ್ಟಿ ಒತ್ತಬೇಕಿತ್ತು" ಎಂದು ಬೆರಳೆತ್ತಿ ತೋರಿಸಿದ. ತೋರಿಸಲು ತಾಳ ನಿಲ್ಲಿಸಿದ್ದ. ಬೆರಳು ಎತ್ತಿದ್ದ ಹಾಗೆಯೇ ಕಲ್ಲಾದ.

ಕೇತಕಿ ಅತ್ತ ನೋಡಲಿಲ್ಲ. ತಾಳವನ್ನು ಮನಸ್ಸಿನಲ್ಲೇ ಹಿಡಿದು ಕೊನೆಯ ಸ್ವರ ಮುಟ್ಟಿಸಿದಳು.

ಪೇಟ ನೆಲಕ್ಕೆ ಬಿತ್ತು. ಮಂದಾರೆ ಕೈ ಇಳಿಸಿ, ಭುಜ ಒತ್ತಿಕೊಳ್ಳುತ್ತ ತಂಗಿಯ ಪಕ್ಕ ಬಂದು ಕೂತಳು.

"ಮೂರನೆಯ ಸಾಲಿನಲ್ಲಿ ತಪ್ಪಿದೆ ಕಣೇ."

"ಹೌದಕ್ಕ. ನಾಲ್ಕನೆಯದರಲ್ಲೂ."

ಇಬ್ಬರೂ ಅಳುತ್ತ ನಕ್ಕರು. ಉಳಿದ ಹತ್ತು ಮಂದಿ ವಾದಕರು ಮೊದಲು ನೀರು ಕೇಳಿದರು. ಅಂದಿನ ಊಟದಲ್ಲಿ ಕೇತಕಿ ಮೂರು ಸಲ ಅನ್ನ ಹಾಕಿಸಿಕೊಂಡಳು. ರಾಜ ತನ್ನ ಪೇಟವನ್ನೂ ಕೊಡೆಯನ್ನೂ ಧೂಮಕಂಠನ ಬೆರಳಿಗೆ ನೇತುಹಾಕಿದ. ನೀಲಾವತಿಯ ಜನ ಆಮೇಲೆ ಎಷ್ಟೋ ವರ್ಷ, ಅಲ್ಲಲ್ಲಿ ತಪ್ಪುತ್ತ, ಸುಖವಾಗಿದ್ದರು.