ಹೆಣದ ಮುಂದಿಟ್ಟ ಗಂಜಿ

ಬಹಳ ಹಿಂದೆ ಕರಿಮಣಲೆ ಎಂಬ ರಾಜ್ಯದಲ್ಲಿ ಜನ ಉಣ್ಣುತ್ತಲೇ ಹಸಿವಿನಿಂದ ಸಾಯುತ್ತಿದ್ದರು. ಗಟ್ಟಿಗಾಸುರನೆಂಬ ಮಾಂತ್ರಿಕ ಗಂಜಿಗೆ ಶಾಪ ಹಾಕಿದ್ದ. ಕುಡಿದ ಗಂಜಿ ಹೊಟ್ಟೆಯಲ್ಲಿ ಕರಗದೆ ಕಲ್ಲಾಗುತ್ತಿತ್ತು. ಅದರ ಸತ್ವವೆಲ್ಲ ಅವನ ಮೈ ಸೇರುತ್ತಿತ್ತು. ಗುಡ್ಡದಷ್ಟು ಬೆಳೆದ ಅವನು ಅರಮನೆಯ ಮೇಲೆಯೇ ಕೂತಿದ್ದ.

ಸಿರಿಯವ್ವನ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು, ಗಂಡನಿಗೆ ಏಳಲು ತ್ರಾಣವಿರಲಿಲ್ಲ, ಐದು ವರ್ಷದ ಮಗಳು ಬೊಮ್ಮಿಗೆ ಅಳಲೂ ದನಿಯಿರಲಿಲ್ಲ. ಸಿರಿಯವ್ವ ಕಾಡಿಗೆ ಹೋಗಿ, ಮಾತಾಡುವ ಆಮೆಯ ಮುಂದೆ ಕೈಮುಗಿದಳು. ಆಮೆ ಮೂರು ಹಿಡಿ ಮೊಳಕೆ ರಾಗಿಯ ಹಿಟ್ಟು ಕೊಟ್ಟಿತು.

“ಗಂಜಿಯೆಂದರೆ ಸಿಹಿ ಮಣಿಗಳ ಸರಪಳಿ, ಮಗಳೇ. ಈ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಕತ್ತರಿಗರಿದ್ದಾರೆ. ಅವರ ಕೈಗೆ ಒಗ್ಗುವುದು ಆ ಸರಪಳಿಯೊಂದೇ. ಎಷ್ಟು ಕತ್ತರಿಸಿದರೂ ಸವೆಯುವವರಲ್ಲ. ಆದರೆ ಅವರ ಕೈ ಬಲು ನಾಜೂಕು.”

ಕರಿಮಣಲೆಯಲ್ಲಿ ಹಬೆಯಾಡುವ ಗಂಜಿ ಬಡಿಸುವುದೇ ಮರ್ಯಾದೆ. ಆರಿದ ಗಂಜಿ ಹೆಣದ ಮುಂದಿಡುವುದಕ್ಕೆ ಮಾತ್ರ. ಸಿರಿಯವ್ವ ಮೊದಲ ಹಿಡಿಯನ್ನು ಕುದಿಯುವ ಗಂಜಿಗೆ ಹಾಕಿದಳು. ಕತ್ತರಿಗರ ಕೈಗಳು ಬೆಂದು ಮುರುಟಿದವು. ಗಂಜಿ ಗಟ್ಟಿಯಾಗಿಯೇ ಉಳಿಯಿತು. ಅತ್ತೆ ತೀರಿಕೊಂಡಳು.

ಬೆಂಕಿಯದೇ ತಪ್ಪೆಂದು ಎರಡನೆಯ ಹಿಡಿಯನ್ನು ಬಾವಿಯ ನೀರಿನಲ್ಲಿಟ್ಟು ತಣಿಸಿದ ಗಂಜಿಗೆ ಹಾಕಿದಳು. ಚಳಿಗೆ ಕತ್ತರಿಗರು ಮರಗಟ್ಟಿ ಮಲಗಿದರು. ಅವರು ಏಳುವಷ್ಟರಲ್ಲಿ ಗಂಡ ತೀರಿಕೊಂಡ.

ಗಂಡನ ಮುಂದೆ ಗಂಜಿಯ ಬಟ್ಟಲಿಟ್ಟು ಕೂತಳು. ಅದು ಆರುತ್ತಿತ್ತು. ಮುಟ್ಟಿ ನೋಡಿದರೆ ಸುಡಲೂ ಇಲ್ಲ, ತಣ್ಣಗೂ ಇಲ್ಲ. ಬೊಮ್ಮಿಯ ಕೆನ್ನೆಯಷ್ಟೇ ಬೆಚ್ಚಗಿತ್ತು. ಸಿರಿಯವ್ವ ಕೊನೆಯ ಹಿಡಿಯನ್ನು ಅದಕ್ಕೆ ಸುರಿದಳು. ನೋಡುತ್ತಿದ್ದಂತೆ ಗಂಜಿ ಸಡಿಲವಾಯಿತು, ತಿಳಿಯಾಯಿತು.

ಪಕ್ಕದ ಮನೆಯ ಮಾಯಕ್ಕ ಅವಳ ಕೈ ಹಿಡಿದಳು. “ಬದುಕಿರೋ ಕೂಸಿಗೆ ಹೆಣದ ಗಂಜಿ ಕುಡಿಸ್ತೀಯೇನೇ?”

“ಅವರ ಪಾಲನ್ನ ಮಗಳಿಗೆ ಬಿಟ್ಟುಹೋಗಿದಾರೆ ಅಕ್ಕ. ಕೈ ಬಿಡು.”

ಬೊಮ್ಮಿ ಕುಡಿದಳು. ಬಟ್ಟಲು ಬರಿದಾಗುವ ಮೊದಲೇ, ಇನ್ನೂ ಬೇಕೆಂದು ದನಿ ತೆಗೆದು ಅತ್ತಳು.

ತಳದಲ್ಲಿ ಉಳಿದ ಒಂದು ಸೌಟು ಗಂಜಿಯನ್ನು ಮಾಯಕ್ಕನೇ ತನ್ನ ಮನೆಯ ಬೆಚ್ಚನೆಯ ಮಡಕೆಗೆ ಒಯ್ದಳು. ಅಲ್ಲಿಂದ ಮತ್ತೊಂದು ಮಡಕೆಗೆ, ಹೀಗೆ ಊರಿಗೆಲ್ಲ ಮುಟ್ಟಿತು. ಕೊನೆಯ ಮಡಕೆಯನ್ನು ಸಿರಿಯವ್ವ ಗಟ್ಟಿಗಾಸುರನ ಪಾದಕ್ಕೆ ಸುರಿದಳು. ಊರ ಗಂಜಿಯಿಂದಲೇ ಬೆಳೆದ ಮೈ ಅದು. ಪಾದದಿಂದ ನೆತ್ತಿಯವರೆಗೆ ಸರಪಳಿಗಳು ಕಳಚಿ, ಅವನು ನೀರಾಗಿ ಚರಂಡಿಗೆ ಹರಿದುಹೋದ.

ಆಮೇಲೆ ಕರಿಮಣಲೆಯ ಜನ ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು. ಬೊಮ್ಮಿ ಮೊಮ್ಮಕ್ಕಳನ್ನು ಕಂಡಳು. ಅಲ್ಲಿ ಈಗಲೂ ಗಂಜಿ ಬಡಿಸಿದ ಕೂಡಲೇ ಯಾರೂ ಕುಡಿಯುವುದಿಲ್ಲ. ಅದು ಆರುವವರೆಗೆ ಬಟ್ಟಲ ಸುತ್ತ ಕೂತು, ಮನೆಯಲ್ಲಿ ತೀರಿಕೊಂಡವರ ಹೆಸರು ಹೇಳುತ್ತಾರೆ.